ಪರೀಕ್ಷೆ ಅವಳಿಗೆ, ಮರ್ಯಾದೆ ಅವನಿಗೆ

ಅಮೆರಿಕದ ಸೇನೆಗೆ ಒಂದು ಒಳ್ಳೆಯ ಅಭ್ಯಾಸವಿದೆ. ತನ್ನ ಸೈನಿಕರಲ್ಲಿ ಯಾವ ಕಾಯಿಲೆ ಎಷ್ಟು ಜನಕ್ಕೆ ಬಂತು ಅನ್ನೋ ಲೆಕ್ಕವನ್ನು ಅದು ಪ್ರಕಟಿಸುತ್ತದೆ. ಆ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಇದು: ಕ್ಲಮೈಡಿಯ ಎಂಬ ಲೈಂಗಿಕ ಸೋಂಕು ಗಂಡು ಸೈನಿಕರಿಗಿಂತ ಹೆಣ್ಣು ಸೈನಿಕರಲ್ಲಿ ತುಂಬಾ ಹೆಚ್ಚು. ಇಷ್ಟು ಸಿಕ್ಕರೆ ಸಾಕು, "ನೋಡಿದ್ರಾ, ಹೆಂಗಸರನ್ನ ಮಿಲಿಟರಿಗೆ ಸೇರಿಸಿದ್ರೆ ಹೀಗೇ ಆಗೋದು" ಅನ್ನೋ ಪಂಡಿತರು ಎದ್ದು ನಿಲ್ಲುತ್ತಾರೆ. ನನ್ನ ಜಗಳ ಇವರ ಜೊತೆ.

ಸ್ವಾಮಿ, ಅಲ್ಲಿ ಚಿಕ್ಕ ವಯಸ್ಸಿನ ಹೆಣ್ಣು ಸೈನಿಕರಿಗೆ ವರ್ಷಕ್ಕೊಮ್ಮೆ ಕ್ಲಮೈಡಿಯ ಪರೀಕ್ಷೆ ಮಾಡುವ ಪದ್ಧತಿ ಇದೆ. ಗಂಡಸರಿಗೆ ಹಾಗಿಲ್ಲ. ಉರಿಯೋ ನೋವೋ ಕಾಣಿಸಿಕೊಂಡು ಅವನಾಗೇ ಡಾಕ್ಟರ ಹತ್ತಿರ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಡಸಾಗಲಿ ಹೆಂಗಸಾಗಲಿ, ಈ ಸೋಂಕು ಎಷ್ಟೋ ಜನರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಸುಮ್ಮನೆ ಕೂತಿರುತ್ತದೆ. ಹುಡುಕಿದ ಕಡೆ ಸಿಗುತ್ತೆ, ಹುಡುಕದ ಕಡೆ ಸಿಗಲ್ಲ. ಊರಿನ ಒಂದೇ ರಸ್ತೆಗೆ ಕ್ಯಾಮೆರಾ ಹಾಕಿ, ಸಿಗ್ನಲ್ ಜಂಪ್ ಮಾಡೋರೆಲ್ಲ ಅದೇ ರಸ್ತೆಯವರು ಅಂದ ಹಾಗಾಯ್ತು.

ಹಾಗಂತ ಹೆಂಗಸರ ಪರೀಕ್ಷೆ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಕ್ಲಮೈಡಿಯ ಗರ್ಭಕೋಶ, ಗರ್ಭನಾಳಗಳನ್ನು ಹಾಳುಮಾಡಬಹುದು. ಮಕ್ಕಳಾಗದೇ ಹೋಗಬಹುದು, ಗರ್ಭ ನಾಳದಲ್ಲೇ ಕಟ್ಟಿ ಪ್ರಾಣಕ್ಕೇ ಕುತ್ತಾಗಬಹುದು. ಮದ್ದೇನು ಗೊತ್ತಾ? 7 ದಿನದ ಡಾಕ್ಸಿಸೈಕ್ಲಿನ್ ಮಾತ್ರೆ, ಅಷ್ಟೇ. ಆದರೆ ಅವಳಿಗೆ ಮಾತ್ರೆ ಕೊಟ್ಟು ಅವನನ್ನು ಬಿಟ್ಟರೆ ಅವಳಿಗೆ ಮತ್ತೆ ಸೋಂಕು ತಗಲುತ್ತದೆ. ಮುಂದಿನ ವರದಿಯಲ್ಲಿ ಮತ್ತೆ ಅವಳದೇ ಲೆಕ್ಕ!

ಈ ಚಾಳಿ ಹೊಸದಲ್ಲ, ದೂರದ್ದೂ ಅಲ್ಲ. ನಾವು ಶನಿವಾರ ಸಂಜೆ ಸುತ್ತೋ ಬೆಂಗಳೂರಿನ ದಂಡು ಪ್ರದೇಶದಲ್ಲೇ ಬ್ರಿಟಿಷರ ಕಾಲದಲ್ಲಿ 'ಲಾಕ್ ಹಾಸ್ಪಿಟಲ್' ಇತ್ತು. ಬಳ್ಳಾರಿಯ ದಂಡಿನಲ್ಲೂ ಇತ್ತು. ಗೋರಾ ಸೋಲ್ಜರ್‌ಗಳಿಗೆ ರೋಗ ಬರಬಾರದು ಅಂತ 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಗಳನ್ನು ತಂದು, ವೇಶ್ಯೆಯರ ಹೆಸರು ಬರೆದುಕೊಂಡು, ಆಗಾಗ ಪರೀಕ್ಷೆ ಮಾಡಿ, ರೋಗ ಕಂಡವರನ್ನು ಈ ಆಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ಸೋಲ್ಜರ್‌ಗಳನ್ನೂ ಹಾಗೇ ಪರೀಕ್ಷಿಸಬಹುದಿತ್ತಲ್ಲ? ಅದು ಅವರ ಮರ್ಯಾದೆಗೆ ಕುಂದಂತೆ! ಇಂಗ್ಲೆಂಡಿನಲ್ಲಿ 1871ರಲ್ಲಿ ಒಂದು ರಾಯಲ್ ಕಮಿಷನ್ ಇದನ್ನು ಕಾಗದದ ಮೇಲೇ ಬರೆಯಿತು: ಹೆಣ್ಣಿಗೆ ಅದು ಹಣದ ವ್ಯವಹಾರ, ಗಂಡಿಗೆ ಸಹಜ ಚಪಲ, ಎರಡನ್ನೂ ಹೋಲಿಸಲಾಗದು ಅಂತ. ಜೋಸೆಫಿನ್ ಬಟ್ಲರ್ ಅವರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ ಅಲ್ಲಿನ ಕಾಯ್ದೆ 1886ರಲ್ಲಿ, ಇಲ್ಲಿನದು 1888ರಲ್ಲಿ ರದ್ದಾಯಿತು. ಕಾಯ್ದೆ ಹೋಯಿತು, ಬುದ್ಧಿ ಹೋಗಲಿಲ್ಲ.

ಮುಂದೆ ಹೆಂಗಸರೇ ಸಮವಸ್ತ್ರ ತೊಟ್ಟಾಗಲೂ ಅದೇ ಕಥೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗಂಡು ಸೈನಿಕರಿಗೆ ಸೇನೆಯೇ ಕಾಂಡೋಮ್ ಹಂಚುತ್ತಿತ್ತು. ಮಹಿಳಾ ದಳಕ್ಕೂ ಗರ್ಭನಿರೋಧಕ ಕೊಡ್ತಾರಂತೆ ಅಂತ 1943ರಲ್ಲಿ ಪತ್ರಿಕೆಯ ಅಂಕಣವೊಂದರಲ್ಲಿ ಬಂದದ್ದೇ ತಡ, ದೇಶವೆಲ್ಲ ಗುಲ್ಲೆದ್ದಿತು. ಯುದ್ಧ ಖಾತೆಯ ಕಾರ್ಯದರ್ಶಿಯೇ ಮುಂದೆ ಬಂದು "ಇಲ್ಲ, ಸುಳ್ಳು" ಅನ್ನಬೇಕಾಯಿತು. ಅವನಿಗೆ ರಕ್ಷಣೆ, ಅವಳಿಗೆ ಸುಮ್ಮನೆ ಚಾರಿತ್ರ್ಯದ ಸರ್ಟಿಫಿಕೇಟು.

ಈಗ ಬೆಂಗಳೂರಿಗೇ ವಾಪಸ್ ಬನ್ನಿ. 2021ರ ಮೇ ತಿಂಗಳಲ್ಲಿ ಇಲ್ಲಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದ 83 ಹುಡುಗಿಯರು ಸೈನಿಕರಾಗಿ ಹೊರಬಂದರು. ಮಿಲಿಟರಿ ಪೊಲೀಸ್ ದಳಕ್ಕೆ ಸೇರಿದ ಮಹಿಳಾ ಸೈನಿಕರ ಮೊದಲ ತಂಡ ಅದು. ನಾವೆಲ್ಲ ಫೋಟೋ ಶೇರ್ ಮಾಡಿ ಹೆಮ್ಮೆ ಪಟ್ಟೆವು. ಸರಿ. ಅಂಥವಳಿಗೆ ನಾಳೆ ಒಂದು ಸೋಂಕು ತಗಲಿತು ಅನ್ನಿ, ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು? ಅವಳ ಡಾಕ್ಟರೂ ರ‍್ಯಾಂಕ್ ಇರುವ ಅಧಿಕಾರಿಯೇ. ವ್ಯಭಿಚಾರ ಅಪರಾಧವಲ್ಲ ಅಂತ 2018ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಆ ತೀರ್ಪು ಸೇನಾ ಕಾಯ್ದೆಗಳಿಗೆ ಸಂಬಂಧಿಸಿದ್ದಲ್ಲ ಅಂತ 2023ರಲ್ಲಿ ಸ್ಪಷ್ಟಪಡಿಸಿದೆ. ಕಾಯಿಲೆ ಹೇಳಿದರೆ ಸಂಬಂಧ ಹೊರಬರುತ್ತೆ, ಸಂಬಂಧ ಹೊರಬಂದರೆ ನೌಕರಿಗೇ ಸಂಚಕಾರ ಅನ್ನೋ ಭಯ ಇದ್ದಲ್ಲಿ ಯಾರು ತಾನೇ ಬಾಯಿಬಿಡ್ತಾರೆ? ಆ ಸೋಂಕು ಅತ್ಯಾಚಾರದಿಂದ ಬಂದಿದ್ದರಂತೂ ಮುಗಿದೇ ಹೋಯ್ತು. ಅಮೆರಿಕದ ಸೇನೆ 2005ರಲ್ಲಿ ಒಂದು ದಾರಿ ಮಾಡಿತು: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ತನಿಖೆ ಶುರುವಾಗದಂತೆ, ಮೇಲಧಿಕಾರಿಗೆ ಹೆಸರು ಹೋಗದಂತೆ ಚಿಕಿತ್ಸೆ ಪಡೆಯಬಹುದು. ಅದರಿಂದ ಎಲ್ಲ ಸರಿಹೋಯಿತು ಅಂತಲ್ಲ. ಆದರೆ ಚಿಕಿತ್ಸೆ ಬೇರೆ, ವಿಚಾರಣೆ ಬೇರೆ ಅಂತಾದರೂ ಒಪ್ಪಿಕೊಂಡರು.

ಮೆಜೆಸ್ಟಿಕ್‌ನ ಗೋಡೆಗಳ ಮೇಲೆ 'ಗುಪ್ತರೋಗ' ಅಂತ ಅಂಟಿಸಿರುವ ಚೀಟಿಗಳನ್ನು ನೋಡಿ. ಕರೆಯುವುದೆಲ್ಲ ಗಂಡಸರನ್ನೇ. ಗಂಡಸಿಗೆ ಬಂದರೆ ಅದು ರೋಗ, ಗುಟ್ಟಾಗಿ ವಾಸಿಮಾಡಿಕೊಳ್ಳಬಹುದು. ಹೆಂಗಸಿಗೆ ಬಂದರೆ ಅದು ನಡತೆ. ನಮ್ಮ ಆಫೀಸಿನ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಥೈರಾಯ್ಡಿಂದ ವಿಟಮಿನ್ ಡಿವರೆಗೆ ಎಲ್ಲ ಇದೆ, ಇದೊಂದಿಲ್ಲ. ಇರಲಿ, ನಾನಾದರೆ ಹೆಸರು ಗೊತ್ತಿಲ್ಲದ ಲ್ಯಾಬೊಂದಕ್ಕೆ ಹೋಗಿ ದುಡ್ಡು ಕೊಟ್ಟು ಮಾಡಿಸಿಕೊಳ್ಳಬಹುದು. ಗಡಿಯ ಪೋಸ್ಟಿಂಗ್‌ನಲ್ಲಿರುವ ಹುಡುಗಿ ಯಾವ ಲ್ಯಾಬಿಗೆ ಹೋಗ್ತಾಳೆ?

ನಾನು ಕೇಳೋದು ದೊಡ್ಡದೇನಲ್ಲ. ಪರೀಕ್ಷೆ ಮಾಡೋದಾದರೆ ಅವನಿಗೂ ಮಾಡಿ, ಅವಳಿಗೂ ಮಾಡಿ. ಮಾತ್ರೆ ಇಬ್ಬರಿಗೂ ಕೊಡಿ. ರಿಪೋರ್ಟು ಡಾಕ್ಟರ ಮೇಜು ದಾಟಿ ಕಮಾಂಡರ ಮೇಜಿಗೆ ಹೋಗದಂತೆ ನೋಡಿಕೊಳ್ಳಿ. ಅಲ್ಲಿಯವರೆಗೆ ಹೆಣ್ಣು ಸೈನಿಕರಲ್ಲಿ ಸೋಂಕು ಜಾಸ್ತಿ ಅಂತ ಯಾರಾದರೂ ಅಂದರೆ ಒಂದೇ ಪ್ರಶ್ನೆ ಕೇಳಿ: ಗಂಡಸರಲ್ಲಿ ಎಷ್ಟು ಜನರನ್ನ ಟೆಸ್ಟ್ ಮಾಡಿದ್ರಿ ಸಾರ್?