ಲಗ್ನಪತ್ರಿಕೆಯ ಚೌಕಟ್ಟು, ಬೆಳ್ಳಿಯ ಸುರುಳಿ

ಅಮೀನಗಡ, ಹುನಗುಂದ, ಇಳಕಲ್ ಕಡೆಯವರಿಗೆ ಲಗ್ನಪತ್ರಿಕೆಯ ಸ್ಕ್ರೀನ್ ಪ್ರಿಂಟಿಂಗ್ ಹೊಸದಲ್ಲ. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಅದರ ಮೇಲೊಂದು ಮುದ್ದೆ ಶಾಯಿ, ಎಳೆಯಲೊಂದು ರಬ್ಬರ್ ಪಟ್ಟಿ. ಉಪಗ್ರಹ, ರಡಾರುಗಳಿಗೆ ಹೋಗುವ ಹೈಬ್ರಿಡ್ ಸರ್ಕಿಟ್ಟುಗಳಲ್ಲಿ ದಪ್ಪಪದರದ ಬಗೆ ಎನ್ನುತ್ತಾರಲ್ಲ, ಅದು ಹುಟ್ಟುವುದೂ ಇದೇ ಕ್ರಮದಲ್ಲಿ. ಬಟ್ಟೆಯ ಜಾಗದಲ್ಲಿ ಸ್ಟೀಲ್ ಜಾಲರಿ, ಶಾಯಿಯ ಜಾಗದಲ್ಲಿ ಬೆಳ್ಳಿಯ ಪೇಸ್ಟ್, ಕಾಗದದ ಜಾಗದಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪನೆಯ ಅಲ್ಯುಮಿನಾ ಬಿಲ್ಲೆ. ಅಚ್ಚಾದ ಮೇಲೆ 150 ಡಿಗ್ರಿಯಲ್ಲಿ ಒಣಗಿಸಿ, 850 ಡಿಗ್ರಿಯ ಭಟ್ಟಿಯಲ್ಲಿ ಸುಡುತ್ತಾರೆ. ಬೆಂಗಳೂರಿನ ಬಿಇಎಲ್, ಸೆಂಟಮ್‌ನಂಥ ಕಂಪನಿಗಳಿಗೆ ಇದು ನಿತ್ಯದ ಕೆಲಸ. ಬಾಗಲಕೋಟೆ ಜಿಲ್ಲೆಯ ಡಿಪ್ಲೊಮಾ, ಇಂಜಿನಿಯರಿಂಗ್ ತರಗತಿಗಳಲ್ಲೂ ಇದನ್ನು ಕೈಯಾರೆ ಮಾಡಿಸಿ ಕಲಿಸಬೇಕು, ಅದೂ ಇಂಡಕ್ಟರ್‌ನಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ.

ಇಂಡಕ್ಟರೇ ಏಕೆ? ರೆಸಿಸ್ಟರ್ ಅಚ್ಚು ಹಾಕಿದವನು ತಪ್ಪಿದರೆ ಲೇಸರ್‌ನಿಂದ ಒಂದಿಷ್ಟು ಕೆರೆದು ಬೆಲೆಯನ್ನು ಸರಿಮಾಡಬಹುದು. ಇಂಡಕ್ಟರ್ ಎಂದರೆ ಇಲ್ಲಿ ಚಪ್ಪಟೆ ಸುರುಳಿ; ಅದರಲ್ಲಿ ಆ ಸಲೀಸು ಇಲ್ಲ. ಗೆರೆಯ ಅಗಲ, ದಪ್ಪ, ಲೋಹ ಮೂರೂ ಮೊದಲೇ ಕೂಡಿಬರಬೇಕು. ಒಂದು ಲೆಕ್ಕ ನೋಡಿ. 10 ಮಿ.ಮೀ. ಚೌಕದಲ್ಲಿ ಐದು ಸುತ್ತು, ಗೆರೆ 0.3 ಮಿ.ಮೀ., ನಡುವಿನ ಸಂದೂ ಅಷ್ಟೇ. ಇದರ ಇಂಡಕ್ಟೆನ್ಸ್ ಸುಮಾರು 240 ನ್ಯಾನೊಹೆನ್ರಿ. 10 ಮೆಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ತಡೆ 15 ಓಮ್ ಆಸುಪಾಸು. ಬರೀ ಬೆಳ್ಳಿಯಲ್ಲಿ ಅಚ್ಚು ಹಾಕಿದರೆ ಗೆರೆಯ ಸ್ವಂತ ರೋಧ ಒಂದೂವರೆ ಓಮ್‌ನಷ್ಟು. ತಡೆಯನ್ನು ರೋಧದಿಂದ ಭಾಗಿಸಿದರೆ ಸಿಗುವ ಸುರುಳಿಯ ಗುಣಾಂಕ ಹತ್ತು. ಪಲ್ಲಾಡಿಯಂ ಬೆರೆಸಿದ ಬೆಳ್ಳಿಯಲ್ಲಿ ಹಾಕಿದರೆ ರೋಧ ಎಂಟು-ಹತ್ತು ಪಟ್ಟು ಏರಿ ಸುರುಳಿ ಹೆಸರಿಗಷ್ಟೇ ಸುರುಳಿ. ಹಾಗೆಂದು ಪಲ್ಲಾಡಿಯಂ ಬೆರೆಸುವವರು ಪೆದ್ದರಲ್ಲ. ಬರೀ ಬೆಳ್ಳಿ, ತೇವವೂ ವೋಲ್ಟೇಜೂ ಸೇರಿದಲ್ಲಿ, ಗೆರೆಯಿಂದ ಗೆರೆಗೆ ತೆವಳಿ ಶಾರ್ಟ್ ಮಾಡುತ್ತದೆ. ಅದನ್ನು ತಡೆಯಲು ಗಾಜಿನ ಹೊದಿಕೆ ಬೇಕು. ಇನ್ನು ಸುರುಳಿಯ ಒಳತುದಿ. ಹೊರಗೆ ಬರಲು ಅದಕ್ಕೆ ದಾರಿಯೇ ಇಲ್ಲ! ಸುತ್ತುಗಳ ಮೇಲೆ ಗಾಜಿನ ಪದರ ಹಾಸಿ, ಸುಟ್ಟು, ಅದರ ಮೇಲೆ ಇನ್ನೊಂದು ಗೆರೆ ಎಳೆಯಬೇಕು. ಆ ಪದರದಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದರೂ ಸುತ್ತು ಸುತ್ತಿಗೆ ಅಂಟಿ ಬಿಲ್ಲೆ ಹಾಳು. ಪೇಸ್ಟ್ ತೆಳುವಾದರೆ ಗೆರೆ ಹರಡುತ್ತದೆ, ಗಟ್ಟಿಯಾದರೆ ಜಾಲರಿಯ ಗುರುತು ಉಳಿಯುತ್ತದೆ. ಕರದಂಟಿನ ಊರಾದ ಅಮೀನಗಡದವರಿಗೆ ಪಾಕದ ಹದ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಭೌತವಿಜ್ಞಾನ, ಲೋಹ, ಕೈಚಳಕ ಮೂರನ್ನೂ ಒಂದೇ ಬೆರಳುಗುರಿನಗಲದಲ್ಲಿ ಪರೀಕ್ಷೆಗೆ ಒಡ್ಡುವ ಪಾಠ ಬೇರೆ ಯಾವುದಿದೆ?

ಮೊದಲ ಆಕ್ಷೇಪ ಗೊತ್ತಿರುವುದೇ: ಸಾಸಿವೆ ಗಾತ್ರದ ಚಿಪ್ ಇಂಡಕ್ಟರ್ ಅಗ್ಗವಾಗಿ ಸಿಗುವಾಗ ಅಚ್ಚು ಹಾಕುವ ಉಸಾಬರಿ ಯಾಕೆ? ಮೊಬೈಲ್ ಮಾಡುವವನಿಗೆ ಈ ಮಾತು ಸರಿ, ಅವನ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿಯುವುದು ಮೂರ್ಖತನ. ಹೈಬ್ರಿಡ್ ಬೇರೆ ಸಂತೆ. ಅಲ್ಲಿ ಬೇಕಾಗುವುದು ನೂರೋ ಸಾವಿರವೋ ಸರ್ಕಿಟ್; ಒಂದೊಂದರ ಅಳತೆಯೂ ಬೇರೆ, ನಂಬಿಕೆ ಮಾತ್ರ ಪೂರ್ತಿ ಬೇಕು. ಅಚ್ಚಾದ ಸುರುಳಿಗೆ ಬೆಸುಗೆ ಬೇಡ; ಬೆಸುಗೆಯ ಒಂದು ಕೀಲು ಕಡಿಮೆಯಾದರೆ ಕೈಕೊಡುವ ಒಂದು ಜಾಗವೂ ಕಡಿಮೆ. ಅದೂ ಅಲ್ಲದೆ ಚಪ್ಪಟೆ ಸುರುಳಿ ಹಳೇ ಕಾಲದ ಸರಕಲ್ಲ: ಮೆಟ್ರೊ ಗೇಟಿಗೆ ತೋರಿಸುವ ಕಾರ್ಡಿನೊಳಗೆ 13.56 ಮೆಗಾಹರ್ಟ್ಸ್‌ಗೆ ಮಿಡಿಯುವುದು ಕೆಲವೇ ಸುತ್ತಿನ ಇಂಥದೇ ಸುರುಳಿ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಕಲಿತವರಿಗೆ ಇಲ್ಲಿ ಕೆಲಸ ಎಲ್ಲಿದೆ? ಸದ್ಯಕ್ಕೆ ಅವರು ಬೆಂಗಳೂರು ಬಸ್ಸು ಹತ್ತಬೇಕಾದೀತು, ಒಪ್ಪುತ್ತೇನೆ. ಆದರೆ ಇಲೆಕ್ಟ್ರಾನಿಕ್ ಬಿಡಿಭಾಗಗಳ ತಯಾರಿಕೆಗೆಂದು ಕೇಂದ್ರ 2025ರಲ್ಲಿ ಒಪ್ಪಿದ ಯೋಜನೆಗೆ ಆಗ ಇಟ್ಟ ಮೊತ್ತ 22,919 ಕೋಟಿ ರೂಪಾಯಿ. ಆ ಹಣ ಕಾರ್ಖಾನೆಗಳನ್ನು ತಂದೀತು, ಕೈ ಪಳಗಿದವರನ್ನಲ್ಲ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಿಂದ ಇದೆ. ಅಂಥ ಕಡೆ ಒಂದು ಅಚ್ಚಿನ ಮೇಜು, ಒಂದು ಸಣ್ಣ ಭಟ್ಟಿ, ಇಂಡಕ್ಟೆನ್ಸ್, ರೋಧ ಅಳೆಯುವ ಒಂದು ಎಲ್‌ಸಿಆರ್ ಮೀಟರ್ ಇದ್ದರೆ ಆರಂಭಕ್ಕೆ ಸಾಕು. ಮೊದಲ ದಿನ ಎರಡು ಬಿಲ್ಲೆ, ಒಂದೇ ಸುರುಳಿ, ಎರಡು ಬಗೆಯ ಪೇಸ್ಟ್. ಭಟ್ಟಿಯಿಂದ ತೆಗೆದು ಮೀಟರಿಗೆ ಹಚ್ಚಿ, ಎರಡರ ಅಂಕಿ ಯಾಕೆ ಬೇರೆ ಬಂತೆಂದು ವಿದ್ಯಾರ್ಥಿಯನ್ನು ಕೇಳಬೇಕು.