ಸ್ವಲೀನ ಮಕ್ಕಳೂ ಸಣ್ಣ ಚಿತ್ರಪಟವೂ

ಚಿತ್ರಪಟ ತೆಗೆಯುವದೆಂದರೆ ಹಣದ ಹೊಳೆ ಹರಿಸುವ ಕೆಲಸವೆಂಬ ನಂಬಿಗೆಯು ನಮ್ಮಲ್ಲಿ ಬಲವಾಗಿದೆ. ಕನ್ನಡದ ಅನುಭವವು ಹಾಗೆ ಹೇಳುವದಿಲ್ಲ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ವು (1970) ಲಕ್ಷ ರೂಪಾಯಿಯೂ ತುಂಬದ ವೆಚ್ಚದಲ್ಲಿ ಸಿದ್ಧವಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಅಭಿನಯಿಸಿದವರು ಮಂಡ್ಯ ಜಿಲ್ಲೆಯ ಹಳ್ಳಿಗರು, ಅದು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಗಳಿಸಿತು. ಕೆಲವು ವಿಷಯಗಳಿಗಂತೂ ಸಣ್ಣ ಚಿತ್ರವೇ ಹೆಚ್ಚು ತಕ್ಕದು. ಅವುಗಳಲ್ಲಿ ಸ್ವಲೀನತೆಯು ಒಂದು.

ಸ್ವಲೀನತೆ ಅಥವಾ ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಯ ಒಂದು ಭಿನ್ನ ರೀತಿಯು. ಅಮೇರಿಕೆಯ ಬಾಲ್ಟಿಮೋರಿನ ವೈದ್ಯರಾದ ಲಿಯೊ ಕ್ಯಾನರ್ ಎಂಬವರು 1943ರಲ್ಲಿ 11 ಮಕ್ಕಳ ನಡೆನುಡಿಗಳನ್ನು ವರ್ಣಿಸಿ ಇದಕ್ಕೆ ಶಾಸ್ತ್ರದಲ್ಲಿ ಸ್ಥಾನ ದೊರಕಿಸಿದರು. ಕೆಲವು ಮಕ್ಕಳು ಮಾತನಾಡುವದಿಲ್ಲ. ಕೆಲವರು ಕೇಳಿದ ಮಾತನ್ನೇ ತಿರುಗಿ ನುಡಿಯುವರು. ನಿತ್ಯದ ಕ್ರಮ ತಪ್ಪಿದರೆ ಕಂಗೆಡುವವರುಂಟು. ದೊಡ್ಡ ಶಬ್ದ, ತೀಕ್ಷ್ಣವಾದ ಬೆಳಕು, ಒರಟು ಬಟ್ಟೆ, ಇವು ಅನೇಕರಿಗೆ ಸಹಿಸಲಾರದ ಹಿಂಸೆ. ಇದನ್ನು ಕಂಡವರು ಹಟವೆನ್ನುವರು, ಗ್ರಹಚಾರವೆನ್ನುವರು, ಕಡೆಗೆ ತಾಯಿಯನ್ನು ದೂರುವರು. ಪಂಡಿತರೂ ಈ ತಪ್ಪಿಗೆ ಹೊರತಾಗಿರಲಿಲ್ಲ. ತಾಯಿತಂದೆಗಳ ವಾತ್ಸಲ್ಯದ ಕೊರತೆಯೇ ಇದಕ್ಕೆ ಕಾರಣವೆಂದು ಬ್ರೂನೋ ಬೆಟಲ್‌ಹೈಮ್ ಎಂಬವರು 1967ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಶಾಸ್ತ್ರವು ಆ ಮತವನ್ನು ಎಂದೋ ತಳ್ಳಿಹಾಕಿದೆ. ಕಾರಣವು ಬಹುಮಟ್ಟಿಗೆ ಆನುವಂಶಿಕವೆಂದು ಈಗ ಗೊತ್ತಾಗಿದೆ. ಆದರೂ ಮನೆಮನೆಯ ಮಾತಿನಲ್ಲಿ ಆ ಅಪವಾದವು ಸತ್ತಿಲ್ಲ. ಅದನ್ನು ಅಳಿಸುವ ಶಕ್ತಿಯು ಚಿತ್ರಪಟಕ್ಕುಂಟು.

ಈವರೆಗಿನ ಪ್ರಸಿದ್ಧ ಚಿತ್ರಗಳು ಏನು ಮಾಡಿವೆ? 1988ರ ‘ರೇನ್ ಮ್ಯಾನ್’ ಈ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿತು, ನಿಜ. ಆದರೆ ಸ್ವಲೀನನೆಂದರೆ ಗಣಿತದ ಅದ್ಭುತ ಪುರುಷನೆಂಬ ಭ್ರಮೆಯನ್ನೂ ಹಬ್ಬಿಸಿತು. ಕನ್ನಡದಲ್ಲಿ 2014ರಲ್ಲಿ ಬಂದ ‘ಸಚಿನ್! ತೆಂಡೂಲ್ಕರ್ ಅಲ್ಲ’ ಎಂಬ ಚಿತ್ರವು ಸ್ವಲೀನ ಬಾಲಕನೊಬ್ಬನನ್ನು ಕ್ರಿಕೆಟ್ಟಿನ ಕಥೆಯ ನಡುವೆ ನಿಲ್ಲಿಸಿತು. ಇಂಥ ಯತ್ನಗಳು ಸ್ತುತ್ಯವೇ. ಆದರೆ ಯಾವ ಪವಾಡವನ್ನೂ ಮಾಡದ, ಯಾವ ಪಂದ್ಯವನ್ನೂ ಗೆಲ್ಲದ ಮಗುವಿನ ಕಥೆಯನ್ನು ಯಾರು ಹೇಳಬೇಕು? ಟಿಕೀಟಿನ ಹಣವನ್ನೇ ನಂಬಿದ ದೊಡ್ಡ ಚಿತ್ರಕ್ಕೆ ಗೆಲುವಿನ ಕಥೆ ಬೇಕಾಗುವದು. ಸಣ್ಣ ಚಿತ್ರಕ್ಕೆ ಆ ಹಂಗಿಲ್ಲ.

ನಮ್ಮ ಅಂಕೋಲೆ, ಕಾರವಾರಗಳ ತರುಣರಲ್ಲಿ ಯಾರಾದರೂ ಇದಕ್ಕೆ ಮನಸ್ಸು ಮಾಡಿದರೆ ಸಾಧನಗಳಿಗೆ ಕೊರತೆಯಿಲ್ಲ. ಹಂಚಿನ ಮನೆಯ ಗಾಜಿನ ಹಂಚಿನಿಂದ ಇಳಿಯುವ ಬೆಳಕು ದೊಡ್ಡ ದೀಪಗಳಿಗಿಂತ ಮಗುವಿನ ಕಣ್ಣಿಗೆ ಹಿತವು. ಕ್ಯಾಮರಾದವನು, ಧ್ವನಿ ಹಿಡಿಯುವವನು, ನಿರ್ದೇಶಕನು, ಈ ಮೂವರೇ ಮನೆಯೊಳಗಿದ್ದರೆ ಸಾಕು. ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಲು ಹಲಗೆ ಬಡಿಯುವ ರೂಢಿಯನ್ನು ಬಿಡಬೇಕು. ಆ ಕೆಲಸವನ್ನು ಈಗ ಗಣಕಯಂತ್ರವೇ ಮಾಡಬಲ್ಲದು. ಮಳೆಗಾಲದಲ್ಲಿ ಹಂಚಿನ ಮೇಲಿನ ಸದ್ದು ಮಾತನ್ನೆಲ್ಲ ನುಂಗುವದಾದ್ದರಿಂದ ದೀಪಾವಳಿಯ ನಂತರ ಕೆಲಸ ಹಿಡಿಯುವದು ಮೇಲು. ಬಂಡಿಹಬ್ಬದ ಜನಸಂದಣಿ, ಯಕ್ಷಗಾನದ ಚಂಡೆ, ಇವು ನಮಗೆ ಉಲ್ಲಾಸ. ಅದೇ ಸದ್ದು ಆ ಮಗುವಿನ ಕಿವಿಗೆ ಹೇಗೆ ಬೀಳುವದೆಂಬುದನ್ನು ಧ್ವನಿಯಿಂದಲೇ ತೋರಿಸಬಹುದು. ಅದಕ್ಕಾಗಿ ಮಗುವನ್ನು ಸಂದಣಿಯಲ್ಲಿ ನಿಲ್ಲಿಸಿ ಅಳಿಸುವದು ಕಲೆಯಲ್ಲ, ಕ್ರೌರ್ಯ.

ಹಣ ಕಡಿಮೆಯಿದ್ದಲ್ಲಿ ಕಾಲವನ್ನು ಧಾರಾಳವಾಗಿ ಕೊಡಬೇಕು. ಮೊದಲ ಕೆಲವು ದಿನ ಕ್ಯಾಮರಾವನ್ನು ತೆರೆಯದೆ ಮನೆಯಲ್ಲಿ ಸುಮ್ಮನೆ ಕುಳಿತಿರಬೇಕು. ಮಗುವಿನ ಊಟ, ನಿದ್ರೆ, ಆಟಗಳ ಹೊತ್ತನ್ನು ಅರಿತು ಕೆಲಸದ ಹೊತ್ತನ್ನು ಗೊತ್ತುಮಾಡಬೇಕು. ಅದು ಮುಖ ತಿರುಗಿಸಿದರೆ ಅಂದಿನ ಕೆಲಸ ಮುಗಿಯಿತೆಂದು ತಿಳಿಯಬೇಕು. ಯಾಕಂದರೆ ಮಾತು ಬಾರದವರಿಗೂ ‘ಬೇಡ’ ಎನ್ನುವ ಹಕ್ಕುಂಟು. ಮುಗಿದ ಚಿತ್ರವನ್ನು ಊರಿಗೆ ತೋರಿಸುವ ಮೊದಲು ಆ ಮನೆಯವರಿಗೆ ತೋರಿಸಿ, ಅವರು ಬೇಡವೆಂದ ದೃಶ್ಯವನ್ನು ತೆಗೆದುಹಾಕಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ತನ್ನ ಯಾದಿಯಲ್ಲಿ ಸೇರಿಸಿದೆ. ಕಾಯಿದೆಯು ಹಕ್ಕನ್ನು ಕೊಡಬಲ್ಲದು. ನೆರೆಯವರ ಮನಸ್ಸನ್ನು ತಿರುಗಿಸಲಾರದು. ಮಗುವಿನ ಕೂಗಿಗೆ ಅಂಜಿ ಮದುವೆ ಮುಂಜಿಗಳಿಗೆ ಹೋಗುವದನ್ನೇ ಬಿಟ್ಟ ತಾಯಂದಿರಿದ್ದಾರೆ. ಒಂದು ಗಂಟೆಯ ಸಣ್ಣ ಚಿತ್ರವನ್ನು ಶಾಲೆಯ ಗೋಡೆಯ ಮೇಲೆ ನೋಡಿದ ಬಳಿಕ ನೆರೆಹೊರೆಯ ನಾಲ್ಕು ಮನೆಯವರು ಅಂಥ ತಾಯಿಗೆ “ಮಗನನ್ನೂ ಕರಕೊಂಡು ಬನ್ನಿ” ಎಂದು ಹೇಳಿಕಳಿಸಿದರೆ, ಖರ್ಚಾದ ಹಣವು ಸಾರ್ಥಕವಾಯಿತೆಂದೇ ತಿಳಿಯಬೇಕು.