ಮಾತು ಬಲ್ಲವರು ಬಡಿಸುವ ಊಟ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಈ ಗಾದೆಯಲ್ಲಿ ಇಬ್ಬರಿದ್ದಾರೆ, ಇಬ್ಬರ ಕಸುಬೂ ಬೇರೆ. ಈಗ ಏನಾಗಿದೆ ಎಂದರೆ, ಮಾತು ಬಲ್ಲವರೇ ಊಟದ ಪಾಠವನ್ನೂ ಹೇಳತೊಡಗಿದ್ದಾರೆ. ಹೆಸರಿನ ಹಿಂದೆ ಡಾಕ್ಟರ್, ಎದುರಿಗೆ ಮೈಕು, ಬೆನ್ನಿಗೆ ಲಕ್ಷಗಟ್ಟಲೆ ಅನುಯಾಯಿಗಳು. ನನ್ನ ತಕರಾರು ಇವರ ಜೊತೆಗೇ ಹೊರತು ಧಾನ್ಯದ ಜೊತೆಗಲ್ಲ. ತುಮಕೂರು ಸೀಮೆಯಲ್ಲಿ ರಾಗಿಮುದ್ದೆ ತಿಂದು ಬೆಳೆದವನು ನಾನು, ಹನ್ನೆರಡು ವರ್ಷದಿಂದ ಹೈದರಾಬಾದಿನಲ್ಲಿ ಜೋಳದ ರೊಟ್ಟಿ ತಿನ್ನುತ್ತಿದ್ದೇನೆ. ತೌಡು ತೆಗೆಯದ ಇಡೀ ಧಾನ್ಯ ಒಳ್ಳೆಯದೆಂದು ನನಗೆ ಯಾರೂ ವೇದಿಕೆ ಹತ್ತಿ ಹೇಳಬೇಕಾಗಿಲ್ಲ.

ಆದರೆ ಹೇಳುತ್ತಲೇ ಇದ್ದಾರೆ. ಅದೂ ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ತಾಳೆಯಾಗದ ಹಾಗೆ. ಅಮೆರಿಕದ ಹೃದ್ರೋಗ ತಜ್ಞ ವಿಲಿಯಂ ಡೇವಿಸ್ 2011ರಲ್ಲಿ 'ವೀಟ್ ಬೆಲ್ಲಿ' ಬರೆದು, ಇಡೀ ಗೋಧಿಯೂ ಸೇರಿ ಗೋಧಿಯನ್ನೇ ಬಿಡಿ ಎಂದರು. 2013ರಲ್ಲಿ ನರರೋಗ ತಜ್ಞ ಡೇವಿಡ್ ಪರ್ಲ್‌ಮಟರ್ 'ಗ್ರೇನ್ ಬ್ರೇನ್' ಬರೆದು ಧಾನ್ಯವನ್ನು ಮಿದುಳಿನ ವೈರಿ ಮಾಡಿದರು. 2017ರಲ್ಲಿ ಹೃದಯದ ಶಸ್ತ್ರಚಿಕಿತ್ಸಕ ಸ್ಟೀವನ್ ಗಂಡ್ರಿ, ಕಾಳುಕಡಿಗಳಲ್ಲೂ ಗೋಧಿಯಲ್ಲೂ ಇರುವ ಲೆಕ್ಟಿನ್ ಎಂಬ ಪ್ರೋಟೀನಿನ ಮೇಲೆ ಯುದ್ಧ ಸಾರಿದರು. ಅವರದೇ ಹೆಸರಿನ ಕಂಪನಿ ಲೆಕ್ಟಿನ್ ತಡೆಯುವ ಗುಳಿಗೆಯನ್ನೂ ಮಾರುತ್ತದೆ. ಕಾಳನ್ನು ನೆನೆಸಿ ಚೆನ್ನಾಗಿ ಕುದಿಸಿದರೆ ಲೆಕ್ಟಿನ್ನಿನ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಹುರುಳಿಯನ್ನು ರಾತ್ರಿಯೇ ನೆನೆಹಾಕುವ ನಮ್ಮ ಹೆಂಗಸರು ಗುಳಿಗೆಯಿಲ್ಲದೆ ಆ ಯುದ್ಧ ಗೆದ್ದು ಎಷ್ಟೋ ತಲೆಮಾರಾಯಿತು.

ನಮ್ಮ ಕಡೆ ಗಾಳಿ ಬೀಸುವ ದಿಕ್ಕು ಬೇರೆ. ಇಲ್ಲಿ ಅಕ್ಕಿ, ಗೋಧಿ ಖಳರು. ಸಿರಿಧಾನ್ಯ ನಾಯಕ. ಮೈಸೂರಿನ ಡಾ. ಖಾದರ್ ವಲಿ ಅವರ ಹೆಸರು ಕೇಳದ ಕನ್ನಡ ಮನೆ ಇಲ್ಲ. 2023ರಲ್ಲಿ, ವಿಶ್ವಸಂಸ್ಥೆ ಘೋಷಿಸಿದ ಸಿರಿಧಾನ್ಯ ವರ್ಷದಲ್ಲೇ, ಅವರಿಗೆ ಪದ್ಮಶ್ರೀ ಬಂತು. ಮೂಲೆ ಸೇರಿದ್ದ ಕೊರಲೆ, ಊದಲಿಗೆ ಮತ್ತೆ ಹೊಲದಲ್ಲೂ ಅಡುಗೆಮನೆಯಲ್ಲೂ ಜಾಗ ಸಿಗುವುದರಲ್ಲಿ ಅವರ ಪಾಲು ದೊಡ್ಡದು, ಅದಕ್ಕೆ ನನ್ನ ನಮಸ್ಕಾರವಿದೆ. ಆದರೆ ಅವರ ಹೆಸರಿನ ಮುಂದಿನ 'ಡಾ.' ಸಂಶೋಧನಾ ಪದವಿಯದು, ಎಂಬಿಬಿಎಸ್ ಓದಿನದಲ್ಲ ಎಂಬುದು ಎಷ್ಟು ಅಭಿಮಾನಿಗಳಿಗೆ ಗೊತ್ತು? ಅವರ ಪಟ್ಟಿಯಲ್ಲಿ ನವಣೆ, ಸಾಮೆ, ಆರ್ಕ, ಊದಲು, ಕೊರಲೆ ಮೊದಲ ಸಾಲಿನವು. ರಾಗಿ, ಜೋಳ ಎರಡನೇ ಸಾಲಿನ 'ತಟಸ್ಥ' ಧಾನ್ಯಗಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಸಿಗದು. ಇಂಥ ರಾಗಿಯನ್ನು ಹಿಂದಿನ ಬೆಂಚಿಗೆ ಕಳಿಸಲು ಆಧಾರವೇನು? ಈ ಧಾನ್ಯ ಎರಡು ದಿನ, ಆ ಧಾನ್ಯ ಎರಡು ದಿನ, ಇಂಥದ್ದು ಇಂಥ ಅಂಗಕ್ಕೆ ಎಂಬ ಸುತ್ತಿಗೆ ಯಾವ ಪ್ರಯೋಗದ ಬೆಂಬಲವಿದೆ? ಪ್ರಶಸ್ತಿ ಈ ಪ್ರಶ್ನೆಗಳಿಗೆ ಉತ್ತರವಾಗದು.

ಹಾಗಾದರೆ ಇಡೀ ಧಾನ್ಯದ ಬಗ್ಗೆ ಗಟ್ಟಿಯಾಗಿ ಹೇಳಬಹುದಾದದ್ದು ಏನೂ ಇಲ್ಲವೇ? ಇದೆ. 2019ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಪರಿಶೀಲನೆ 185 ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟಿಗಿಟ್ಟು ನೋಡಿತು. ನಾರಿನಂಶ ಹೆಚ್ಚು ತಿನ್ನುವವರಲ್ಲಿ ಹೃದ್ರೋಗ, ಪಾರ್ಶ್ವವಾಯು, ಟೈಪ್ 2 ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್ ಶೇ. 15ರಿಂದ 30ರಷ್ಟು ಕಡಿಮೆ ಕಂಡವು. ಇಡೀ ಧಾನ್ಯದ ವಿಷಯದಲ್ಲೂ ಹೆಚ್ಚುಕಡಿಮೆ ಇದೇ ದಿಕ್ಕು. ಒಳ್ಳೆಯ ಸುದ್ದಿಯೇ. ಆದರೆ ಗಮನಿಸಿ, ಇದು ಸಾವಿರಾರು ಜನರ ನಡುವೆ ಅಪಾಯ ತಗ್ಗುವ ಮಾತು. 'ನಿಮ್ಮ ಮಧುಮೇಹ ಆರು ವಾರದಲ್ಲಿ ಹೋಗುತ್ತದೆ' ಎಂಬ ಮಾತು ಇದರೊಳಗೆ ಎಲ್ಲೂ ಇಲ್ಲ. ಅಪಾಯ ತಗ್ಗುತ್ತದೆ ಎನ್ನುವುದನ್ನು ಕಾಯಿಲೆ ವಾಸಿಯಾಗುತ್ತದೆ ಎಂದು ಮಾಡುವುದು ಪ್ರಸಿದ್ಧ ವೈದ್ಯರ ಮೊದಲ ಕೈಚಳಕ.

ಎರಡನೆಯದು, ಯಾವ ಧಾನ್ಯ ಎಂದು ಗಂಟೆಗಟ್ಟಲೆ ಹೇಳಿ, ಎಷ್ಟು ಎಂಬುದನ್ನು ನುಂಗಿಬಿಡುವುದು. ಐಸಿಎಂಆರ್ ನಡೆಸಿದ 'ಇಂಡಿಯಾಬ್' ಸಮೀಕ್ಷೆಯ 2025ರ ವರದಿ ಭಾರತೀಯರ ಊಟವನ್ನು ಲೆಕ್ಕ ಹಾಕಿತು. ನಮ್ಮ ಶಕ್ತಿಯ ಶೇ. 62 ಪಾಲು ಬರೀ ಪಿಷ್ಟದಿಂದ ಬರುತ್ತಿದೆ. ಅಕ್ಕಿಯ ಜಾಗಕ್ಕೆ ಗೋಧಿಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದು ಕೂರಿಸಿದ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗಿದ್ದು ಕಾಣಲಿಲ್ಲ. ಒಟ್ಟು ಪಿಷ್ಟ ಇಳಿದು, ಆ ಜಾಗಕ್ಕೆ ಬೇಳೆ, ಮೊಸರಿನಂಥ ಪ್ರೋಟೀನು ಬಂದರೆ ಲಾಭವಿತ್ತು. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ತಟ್ಟೆಯಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಬೇಳೆಕಾಳು 85 ಗ್ರಾಂ. ಧಾನ್ಯಕ್ಕಿಂತ ತರಕಾರಿ ಹೆಚ್ಚು! ಇದನ್ನು ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ. ನವಣೆ ಬಿಸಿಬೇಳೆಬಾತನ್ನು ಮೂರು ಸಲ ಹಾಕಿಸಿಕೊಂಡವರಿಗೆ ಇದು ರುಚಿಸುವುದೂ ಇಲ್ಲ.

ಮೂರನೆಯದು ಗಿರಣಿಯ ವಿಷಯ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಒಂದೇ ತಳಿಯ ಅಕ್ಕಿಯನ್ನು ಬೇರೆ ಬೇರೆ ಮಟ್ಟಕ್ಕೆ ಪಾಲಿಶ್ ಮಾಡಿ ನೋಡಿತು. ತೌಡಿರುವ ಅಕ್ಕಿಯ ಗ್ಲೈಸಿಮಿಕ್ ಸೂಚ್ಯಂಕ ಸುಮಾರು 58. ಸ್ವಲ್ಪವೇ ಪಾಲಿಶ್ ಮಾಡಿದರೆ 73. ಪೂರ್ತಿ ಮಾಡಿದರೆ 80. ಅಂದರೆ ಹೆಸರಿಗಿಂತ ಉಜ್ಜಿದ್ದು ಎಷ್ಟು ಎಂಬುದು ಮುಖ್ಯ. ಸೂಪರ್‌ಮಾರ್ಕೆಟ್ಟಿನಲ್ಲಿ ಮಲ್ಲಿಗೆಯಂತೆ ಬೆಳ್ಳಗೆ ಹೊಳೆಯುವ ಸಾಮೆಗೆ ತೌಡು ಎಲ್ಲಿ ಉಳಿದಿರುತ್ತದೆ? 'ಮಲ್ಟಿಗ್ರೇನ್' ಹಿಟ್ಟಿನ ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿ, ಗೋಧಿಯದೇ ಸಿಂಹಪಾಲು. ರಾಗಿಯನ್ನೂ ನುಣ್ಣಗೆ ಬೀಸಿ ಬೆಲ್ಲ ಹಾಕಿ ಗಟಗಟ ಕುಡಿದರೆ ಸಕ್ಕರೆ ಏರದೆ ಇರುತ್ತದೆಯೇ?

ಇದೇ ಚೆನ್ನೈ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಇಷ್ಟ. ತೂಕ ಹೆಚ್ಚಿರುವ 166 ಜನರಿಗೆ ಮೂರು ತಿಂಗಳು ಬಿಳಿ ಅಕ್ಕಿ, ಮೂರು ತಿಂಗಳು ಕಂದು ಅಕ್ಕಿ ಕೊಟ್ಟರು. ಒಟ್ಟಾರೆ ಎಲ್ಲರನ್ನೂ ನೋಡಿದಾಗ ಸಕ್ಕರೆಯ ಸರಾಸರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬೊಜ್ಜು, ರಕ್ತದೊತ್ತಡ, ಸಕ್ಕರೆಯಂಥ ತೊಂದರೆಗಳು ಒಟ್ಟಿಗೆ ಇದ್ದವರಲ್ಲಿ ಸ್ವಲ್ಪ ಸುಧಾರಣೆ ಇತ್ತು. ಕಂದು ಅಕ್ಕಿಯ ಪರವಾಗಿ ಇದ್ದವರೇ ಹೀಗೆ ಸಪ್ಪೆ ಫಲಿತಾಂಶವನ್ನೂ ಮುಚ್ಚಿಡದೆ ಅಚ್ಚು ಹಾಕಿದರು. ನಂಬಿಕೆ ಹುಟ್ಟುವುದು ಇಂಥಲ್ಲಿ. ತನಗೆ ಬೇಡವಾದ ಉತ್ತರವನ್ನೂ ಹೇಳುವ ವೈದ್ಯರ ಮಾತಿಗೆ ತೂಕ ಹೆಚ್ಚು.

ಇಡೀ ಧಾನ್ಯವೊಂದೇ ಸಾಕು ಎನ್ನುವವರು ಈ ಊರಿನ ಇತಿಹಾಸವನ್ನೂ ಓದಬೇಕು. ಜೋಳವನ್ನೇ ನಂಬಿಕೊಂಡಿದ್ದ ದಖ್ಖನಿನ ಬಡ ಕೂಲಿಗಳಲ್ಲಿ ಪೆಲ್ಲಾಗ್ರ ಎಂಬ ಕಾಯಿಲೆ ಇತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮತಿಭ್ರಮಣೆ. ಅದರ ಕಾರಣ ಹುಡುಕಿದವರು ಸಿ. ಗೋಪಾಲನ್, ಎಸ್. ಜಿ. ಶ್ರೀಕಂಠಯ್ಯ ಮುಂತಾದ ವಿಜ್ಞಾನಿಗಳು. 1960ರಲ್ಲಿ ಆ ಬಗ್ಗೆ 'ಲ್ಯಾನ್ಸೆಟ್'ನಲ್ಲೇ ಬರೆದರು. ಆ ಕೂಲಿಗಳು ತಿಂದದ್ದು ಮೈದಾ ಅಲ್ಲ, ಜೋಳ. ಕೊರತೆ ಇದ್ದದ್ದು ಜೋಳದ ಪಕ್ಕದಲ್ಲಿ ಇರಬೇಕಾದ ಬೇಳೆ, ಹಾಲು, ಮಾಂಸ, ಸೊಪ್ಪಿನದು. ಬಡವರ ಅನಿವಾರ್ಯವನ್ನು ಇವತ್ತು ಉಳ್ಳವರಿಗೆ ಚಿಕಿತ್ಸೆ ಎಂದು ಮಾರುವಾಗ ಈ ಅರ್ಧ ಕಥೆ ಬಿಟ್ಟುಹೋಗುತ್ತದೆ.

ಇಷ್ಟೆಲ್ಲ ಯಾಕೆ, ಯಾರೋ ಏನೋ ತಿಂದರೆ ನಿನಗೇನು ಕಷ್ಟ ಎಂದು ಗೆಳೆಯರು ಕೇಳುತ್ತಾರೆ. ಕಷ್ಟ ಇದೆ. ನನ್ನ ಸೋದರತ್ತೆಗೆ ಎಪ್ಪತ್ತರ ಹತ್ತಿರ, ಊರಿನಲ್ಲೇ ಇದ್ದಾರೆ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ವರ್ಷ ಒಂದು ವಿಡಿಯೊ ನೋಡಿ, ಬಿಪಿ ಮತ್ತು ಸಕ್ಕರೆಯ ಮಾತ್ರೆ ಎರಡನ್ನೂ ಬಿಟ್ಟು ಹೊತ್ತಿಗೊಂದು ಗಂಜಿ ಹಿಡಿದರು. ಮೂರು ವಾರಕ್ಕೆ ಸಕ್ಕರೆ ನಾಲ್ಕುನೂರು ದಾಟಿ ಆಸ್ಪತ್ರೆ ಸೇರಿದರು. ವಿಡಿಯೊದಲ್ಲಿದ್ದ ವೈದ್ಯರಿಗೆ ಅತ್ತೆ ಯಾರೆಂದೇ ಗೊತ್ತಿಲ್ಲ. ಅವರ ಮೂತ್ರಪಿಂಡ ಹೇಗಿದೆ, ಯಾವ ಮಾತ್ರೆ ಎಷ್ಟು ಎಂದು ಕೇಳಿದವರಲ್ಲ. ಬಿಲ್ಲು ಕಟ್ಟಿದ್ದು ಬೆಂಗಳೂರಿನಲ್ಲಿರುವ ಮಗ, ನಾಲ್ಕು ದಿನ ನಿದ್ದೆಗೆಟ್ಟದ್ದು ಸೊಸೆ. ಊರು ಬಿಟ್ಟು ದೂರ ಇರುವ ನಮಗೆಲ್ಲ ಇದು ಸಲ್ಲುವ ಮಾತು. ನಾವು ಪಕ್ಕದಲ್ಲಿಲ್ಲದ ಆ ಮಧ್ಯಾಹ್ನಗಳಲ್ಲಿ ನಮ್ಮ ಅಪ್ಪ ಅಮ್ಮನ ಜೊತೆ ಮಾತಾಡುತ್ತಿರುವುದು ಈ ವಿಡಿಯೊಗಳೇ.

ಕಾನೂನಿನ ತಮಾಷೆ ನೋಡಿ. ಆಹಾರದ ಪೊಟ್ಟಣದ ಮೇಲೆ 'ಇದು ಮಧುಮೇಹ ಗುಣಪಡಿಸುತ್ತದೆ' ಎಂದು ಅಚ್ಚು ಹಾಕುವಂತಿಲ್ಲ. 2018ರ ಎಫ್‌ಎಸ್‌ಎಸ್‌ಎಐ ನಿಯಮ ಅದನ್ನು ತಡೆಯುತ್ತದೆ. ಅದೇ ಮಾತನ್ನು ವೇದಿಕೆಯ ಮೇಲೆ ನಿಂತು ಹೇಳಿ, ಹೊರಗೆ ಮೇಜಿನ ಮೇಲೆ ಪೊಟ್ಟಣ ಇಟ್ಟರೆ ಯಾರೂ ಕೇಳುವುದಿಲ್ಲ. ವೈದ್ಯರು ಸಾಮಾಜಿಕ ಜಾಲತಾಣದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ನಿಯಮ ತಂದಿತು, ಅದೇ ತಿಂಗಳು ತಡೆಹಿಡಿಯಿತು.

'ಏನೇ ಹೇಳಿ, ಇವರಿಂದ ಜನ ಮೈದಾ ಬಿಟ್ಟರಲ್ಲ' ಎನ್ನುವ ವಾದವಿದೆ. ಒಪ್ಪುತ್ತೇನೆ. ಆದರೆ ಒಳ್ಳೆಯದನ್ನು ಹೇಳಲು ಸುಳ್ಳಿನ ಆಸರೆ ಯಾಕೆ ಬೇಕು? ಇವತ್ತು ನವಣೆಗಾಗಿ ಪವಾಡ ನಂಬಿದವರು ನಾಳೆ ಇನ್ನೊಬ್ಬರ ಕ್ಯಾನ್ಸರ್ ಕಷಾಯಕ್ಕೂ ಅದೇ ನಂಬಿಕೆ ಒಡ್ಡುತ್ತಾರೆ. ಅಮೆರಿಕದ ಟಿವಿ ವೈದ್ಯ ಮೆಹ್ಮೆತ್ ಆಝ್ ಅವರ ಕಾರ್ಯಕ್ರಮದ ಸಲಹೆಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ಪುರಾವೆ ಬೆಂಬಲಿಸಿದ್ದು ಶೇ. 46 ಸಲಹೆಗಳನ್ನು ಮಾತ್ರ. ಅವರು ನಿಜವಾದ, ನುರಿತ ಹೃದಯ ಶಸ್ತ್ರಚಿಕಿತ್ಸಕರು. ಆದರೂ ಕ್ಯಾಮೆರಾದ ಮುಂದೆ ಅರ್ಧಕ್ಕರ್ಧ ಗಾಳಿಮಾತು.

ಹಾಗಾಗಿ ಪ್ರಸಿದ್ಧರ ಮಾತನ್ನು ಕೇಳಲೇಬಾರದು ಎನ್ನುವುದಿಲ್ಲ. ಕೇಳುವಾಗ ನಾಲ್ಕು ಪ್ರಶ್ನೆ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎಂದು ಹೇಳಿದರೇ? ಯಾವುದರ ಬದಲಿಗೆ ಎಂದು ಹೇಳಿದರೇ? ಯಾರು ತಿನ್ನಬಾರದು ಎಂದು ಹೇಳಿದರೇ? ಮೂತ್ರಪಿಂಡ ಸೋತವರಿಗೆ ತೌಡಿನಲ್ಲಿರುವ ರಂಜಕವೂ ಲೆಕ್ಕದ ವಿಷಯ. ಕೊನೆಯದಾಗಿ, ಹೇಳಿದ ಮೇಲೆ ಏನನ್ನಾದರೂ ಮಾರಿದರೇ? ಮಾತ್ರೆ ಬಿಡಿ ಎಂದವರಿಗಂತೂ ಐದನೇ ಪ್ರಶ್ನೆಯೇ ಬೇಡ, ವಿಡಿಯೊ ಅಲ್ಲಿಗೇ ನಿಲ್ಲಿಸಿ.

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ತಾನು ಹೆಚ್ಚು ತಾನು ಹೆಚ್ಚು ಎಂದು ತುಂಬಿದ ಸಭೆಯಲ್ಲಿ ಜಗಳವಾಗುತ್ತದೆ. ಮಾತಿನಲ್ಲಿ ಇಬ್ಬರೂ ಕಡಿಮೆಯಿಲ್ಲ. ರಾಮ ಮಾತು ಕೇಳಿ ತೀರ್ಪು ಕೊಡಲಿಲ್ಲ, ಎರಡನ್ನೂ ಒಂದೇ ಸೆರೆಯಲ್ಲಿ ಆರು ತಿಂಗಳು ಇಡಿಸಿದ. ಆಮೇಲೆ ತೆಗೆದು ನೋಡಿ, ಕೆಡದೆ ಉಳಿದಿದ್ದ ರಾಗಿಗೆ ತನ್ನ ಹೆಸರು ಕೊಟ್ಟ. ನಮ್ಮ ರಾಗಿ ಗೆದ್ದದ್ದು ಪರೀಕ್ಷೆ ಎದುರಿಸಿ. ಅದರ ಹೆಸರಿನಲ್ಲಿ ಮಾತಾಡುವವರಿಗೆ ಮಾತ್ರ ಪರೀಕ್ಷೆಯಿಲ್ಲದೆ ಪಟ್ಟ ಯಾಕೆ?

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಹೇಗೂ ಕೇಳುತ್ತೀರಿ. ಮಾತ್ರೆ ತಗೊಂಡ್ರಾ ಅಂತಲೂ ಕೇಳಿ.